ತ್ಯಾಗದ ಅನಂತರದ ತಾಳ್ಮೆ

ಬಿಡಬೇಕೆಂಬ ಸಂಕಲ್ಪವು ಒಂದು ಕ್ಷಣದಲ್ಲಿ ಹುಟ್ಟಬಹುದು. ಬಿಟ್ಟುದರ ಬೇಗೆಯನ್ನು ದಾಟುವುದು ಬಹುಕಾಲದ ಸಾಧನೆ. ನೋವನ್ನು ಅಡಗಿಸುವ ಅಫೀಮು ವರ್ಗದ ಮದ್ದುಗಳ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯವಾಗಿದೆ. ಮಾರ್ಫಿನ್, ಕೊಡೀನ್, ಟ್ರಮಡಾಲ್ ಮೊದಲಾದುವು ಈ ವರ್ಗಕ್ಕೆ ಸೇರಿದವು. ಶಸ್ತ್ರಚಿಕಿತ್ಸೆಯ ಬಳಿಕ, ಅರ್ಬುದರೋಗದ ಅಸಹನೀಯ ವೇದನೆಯಲ್ಲಿ ಇವು ಮಹೋಪಕಾರಿಗಳೇ ಸರಿ. ಆದರೆ ತಿಂಗಳುಗಟ್ಟಲೆ ಸೇವಿಸಿದವನು ಅವನ್ನು ಬಿಡಹೊರಟಾಗ ಅವನ ದೇಹವು ತಳಮಳಿಸುತ್ತದೆ. ಮನೆಯವರು ಅದನ್ನು ಕಂಡು, ಇವನಿಗೆ ಮನೋಬಲವಿಲ್ಲ ಎನ್ನುವರು. ಅವನಾದರೋ, ಮದ್ದಿಲ್ಲದೆ ಬದುಕಲಾರೆ ಎನ್ನುವನು. ಎರಡೂ ಅರಿವಿಲ್ಲದ ಮಾತುಗಳೇ.

ಆ ತಳಮಳದ ಮೂಲವು ಮೆದುಳಿನಲ್ಲಿದೆ. ಅಫೀಮಿನ ಸತ್ವವು ಬಂದು ಕೂಡುವ ಗ್ರಾಹಕಗಳೆಂಬ ತಾಣಗಳು ಮೆದುಳಿನಲ್ಲಿವೆಯೆಂಬುದನ್ನು 1973ರಲ್ಲಿ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿಕೊಟ್ಟರು. ಆ ಬೀಗಗಳಿಗೆ ಒಪ್ಪುವ ಕೀಲಿಯನ್ನು ದೇಹವು ತಾನೇ ತಯಾರಿಸುತ್ತದೆಯೆಂಬುದನ್ನು ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಸ್ 1975ರಲ್ಲಿ ಕಂಡುಹಿಡಿದರು. ವೇದನೆಯನ್ನು ತಣಿಸುವ ಶಕ್ತಿಯು ಮಾನವನ ಒಳಗೇ ಇದೆ, ಆದರೆ ಅದು ಮಿತವಾದುದು. ಹೊರಗಿನಿಂದ ಅಮಿತವಾಗಿ ಮದ್ದು ಬರುತ್ತಿದ್ದರೆ ಗ್ರಾಹಕಗಳು ಮಂದವಾಗುತ್ತವೆ. ನಿನ್ನೆಯ ಪ್ರಮಾಣವು ಇಂದಿಗೆ ಸಾಲದಾಗುತ್ತದೆ.

ಇದರೊಡನೆ ಇನ್ನೊಂದು ಕ್ರಿಯೆಯೂ ನಡೆಯುತ್ತದೆ. ಮೆದುಳಿನ ಕಾಂಡದಲ್ಲಿ ಎಚ್ಚರವನ್ನು ಕಾಯುವ ಒಂದು ಸಣ್ಣ ನರಗಂಟಿದೆ. ಮದ್ದು ಅದನ್ನು ಅದುಮುತ್ತದೆ. ಅದು ದಿನದಿನಕ್ಕೆ ಬಲ ಹೆಚ್ಚಿಸಿಕೊಂಡು ಎದುರೊತ್ತುತ್ತದೆ. ಏರಿನಲ್ಲಿ ಮೈಯೊಡ್ಡಿ ಭಾರದ ಗಾಡಿಯನ್ನು ಎಳೆಯುತ್ತಿರುವ ಎತ್ತುಗಳ ಹಗ್ಗವು ಒಮ್ಮೆಲೆ ಹರಿದರೆ ಅವು ಮುಂದಕ್ಕೆ ಮುಗ್ಗರಿಸುತ್ತವೆ. ಭಾರಕ್ಕೆದುರಾಗಿ ಹಾಕಿದ್ದ ಬಲವೇ ಆಗ ಅವನ್ನು ಕೆಡಹುತ್ತದೆ. ಮದ್ದು ನಿಂತಾಗ ಆ ನರಗಂಟಿನ ಸ್ಥಿತಿಯೂ ಹೀಗೆಯೇ. ಆಕಳಿಕೆ, ಬೆವರು, ಮೂಗು ಸೋರುವಿಕೆ, ಮೈ ನವಿರೇಳುವಿಕೆ, ಹೊಟ್ಟೆನುಲಿತ, ಭೇದಿ, ನಿದ್ರಾಭಂಗ ಇವೆಲ್ಲ ಆ ಮುಗ್ಗರಿಕೆಯ ಚಿಹ್ನೆಗಳು.

ಬೇಗ ಇಳಿಯುವ ಮದ್ದುಗಳಲ್ಲಿ ಈ ಬಾಧೆಯು ಸಾಮಾನ್ಯವಾಗಿ 8ರಿಂದ 24 ಗಂಟೆಗಳೊಳಗೆ ತೊಡಗಿ 4ರಿಂದ 10 ದಿನಗಳವರೆಗೆ ಇರುತ್ತದೆ. ಅನಂತರ ದೇಹವು ಶಾಂತವಾದರೂ ಮನಸ್ಸು ಒಡನೆಯೇ ಶಾಂತವಾಗುವುದಿಲ್ಲ. ಉಂಡ ಅನ್ನದಲ್ಲಿ ರುಚಿಯಿಲ್ಲ, ಮಕ್ಕಳ ನಗೆಯಲ್ಲಿ ಹರ್ಷವಿಲ್ಲ, ಸಣ್ಣ ನೋವೂ ದೊಡ್ಡದೆನಿಸುತ್ತದೆ. ಸುಖವನ್ನು ಅಳೆಯುವ ನರಮಾರ್ಗಗಳು ಸಹಜವಾದ ಸುಖಕ್ಕೆ ಮತ್ತೆ ಓಗೊಡಲು ಕಲಿಯುತ್ತಿರುವ ಕಾಲವದು. ಕೆಲವರಲ್ಲಿ ಇದಕ್ಕೆ ವಾರಗಳು, ಕೆಲವರಲ್ಲಿ ತಿಂಗಳುಗಳು ಬೇಕು. ಮದ್ದನ್ನು ಬಿಟ್ಟವನು ಈ ನೀರಸತೆಯನ್ನೇ ಶಾಶ್ವತವೆಂದು ಭ್ರಮಿಸಿ ಹಿಂದಿರುಗುವುದುಂಟು.

ಅದು ಶಾಶ್ವತವಲ್ಲವೆಂಬುದಕ್ಕೆ ದೂರದೇಶದ ಒಂದು ನಿದರ್ಶನವುಂಟು. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ವಿದುಷಿಯು ಪರಿಶೀಲಿಸಿದರು. ಅಲ್ಲಿದ್ದಾಗ ಅವರಲ್ಲಿ ಸುಮಾರು ಐದರಲ್ಲೊಂದು ಪಾಲು ಅಫೀಮು ವರ್ಗದ ಮಾದಕಗಳಿಗೆ ದಾಸರಾಗಿದ್ದರು. ಊರಿಗೆ ಮರಳಿದ ಮೇಲೆ ಅವರಲ್ಲಿ ಬಹುಮಂದಿ ಮತ್ತೆ ಆ ದಾಸ್ಯಕ್ಕೆ ಬೀಳಲಿಲ್ಲ. ಸ್ಥಳ, ಸಂಗ, ದಿನಚರಿಗಳು ಬದಲಾದುವು. ಕೆಟ್ಟಿತೆಂದು ತಿಳಿದ ಮೆದುಳು ನೆಟ್ಟಗಾಯಿತು. ನಿಯಮಿತವಾದ ನಿದ್ರೆ, ಹಿತಮಿತವಾದ ಆಹಾರ, ಮೈಮುರಿದು ಮಾಡುವ ಕಾಯಕ, ಸಜ್ಜನರ ಸಂಗ ಇವು ಇಲ್ಲಿ ಎಷ್ಟು ನೆರವಾಗುತ್ತವೆಂಬುದನ್ನು ಇದರಿಂದ ಊಹಿಸಬಹುದು.

ಗೃಹಸ್ಥರು ಎರಡು ಅಪಾಯಗಳನ್ನು ಮರೆಯತಕ್ಕದ್ದಲ್ಲ. ಮೊದಲನೆಯದು, ಆವೇಶದಿಂದ ಮದ್ದನ್ನು ಒಮ್ಮೆಲೆ ಕಿತ್ತೆಸೆಯುವುದು. ವೈದ್ಯರ ಕಣ್ಗಾವಲಿನಲ್ಲಿ ಮೆಲ್ಲಮೆಲ್ಲನೆ ಇಳಿಸುವುದೇ ಕ್ರಮ. ವರ್ಷಕ್ಕೂ ಮಿಕ್ಕಿ ಸೇವಿಸಿದವರಿಗೆ ತಿಂಗಳಿಗೆ ಹತ್ತರಲ್ಲೊಂದು ಪಾಲಿನಂತೆ, ಅಥವಾ ಅದಕ್ಕೂ ನಿಧಾನವಾಗಿ ಇಳಿಸುವುದು ಹಿತವೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ 2022ರ ಮಾರ್ಗಸೂಚಿಯು ಹೇಳುತ್ತದೆ. ಚಟವು ಬಲವಾಗಿ ಬೇರೂರಿದವರಿಗೆ ವೈದ್ಯರು ಬ್ಯುಪ್ರೆನಾರ್ಫಿನ್, ಮೆಥಡೋನ್ ಮುಂತಾದ ಔಷಧಗಳನ್ನು ಕೊಡುವುದುಂಟು. ಅದು ಚಿಕಿತ್ಸೆಯೇ ಹೊರತು ವ್ರತಭಂಗವಲ್ಲ. ಎರಡನೆಯದು ಇನ್ನೂ ಘೋರವಾದುದು: ಬಿಟ್ಟವನ ಮೆದುಳು ಹಳೆಯ ಸಹಿಷ್ಣುತೆಯನ್ನು ಬಲುಬೇಗ ಕಳೆದುಕೊಳ್ಳುತ್ತದೆ. ಹಿಂದೆ ತಡೆದುಕೊಂಡಿದ್ದ ಪ್ರಮಾಣವೇ ಈಗ ಉಸಿರನ್ನು ನಿಲ್ಲಿಸಬಲ್ಲುದು. ಒಮ್ಮೆ ಎಡವಿದವನನ್ನು ಮನೆಯಿಂದ ಅಟ್ಟಿ ಒಂಟಿಯಾಗಿಸಿದವರು ಅವನನ್ನು ಮೃತ್ಯುವಿನ ಬಾಗಿಲಿಗೇ ತಳ್ಳಿದಂತಾದೀತು.

ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇಂಥವರ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಭಾರತ ಸರ್ಕಾರದ ಶುಲ್ಕರಹಿತ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಅಲ್ಲಿಗೆ ಹೋಗುವುದರಲ್ಲಿ ಮನೆತನದ ಮರ್ಯಾದೆಗೆ ಕುಂದಿಲ್ಲ.

ಹಸಿದವನಿಗೆ ಅನ್ನವಿಕ್ಕುವುದು ದಾಸೋಹವೆಂಬುದನ್ನು ಎಲ್ಲರೂ ಬಲ್ಲರು. ಬಿಟ್ಟುದರ ಬೇಗೆಯಲ್ಲಿ ಬೇಯುತ್ತಿರುವವನಿಗೆ ಬೇಕಾದುದು ಕಾಲ. ನಿದ್ರೆಯಿಲ್ಲದ ಅವನ ರಾತ್ರಿಗಳಲ್ಲಿ ಜರೆಯದೆ ಜೊತೆಗೆ ಕುಳಿತವರು ಆ ಕಾಲವನ್ನು ನೀಡಿದವರಾಗುತ್ತಾರೆ. ಅದಕ್ಕಿಂತ ಮಿಗಿಲಾದ ದಾಸೋಹವು ಆ ಮನೆಯಲ್ಲಿ ಅಂದು ಬೇರೊಂದಿಲ್ಲ.