ನಾಯಕನ ಹತ್ತಿರ ಲೆಕ್ಕ ಕೇಳಬಹುದಾ?

ವಿಮೋಚನಕಾಂಡ 18ನೇ ಅಧ್ಯಾಯ, 21ನೇ ವಚನ ತೆಗೆಯೋಣ.

ಸಂದರ್ಭ ನಿಮಗೆ ಗೊತ್ತು. ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸ್ತಿದ್ದಾನೆ. ಮಾವ ಇತ್ರೋನ ನೋಡಿ, ಇದು ಸರಿಯಲ್ಲ, ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಅಧಿಪತಿಗಳನ್ನು ನೇಮಿಸು ಅಂತಾನೆ. ಎಂಥವರನ್ನು? 4 ಗುಣ ಹೇಳ್ತಾನೆ: ಸಾಮರ್ಥ್ಯ, ದೇವಭಯ, ಸತ್ಯ, ಅನ್ಯಾಯದ ಲಾಭದ ಮೇಲೆ ಹಗೆ.

ಸಾಮರ್ಥ್ಯ ಸ್ಟೇಜ್ ಮೇಲೆ ಕಾಣುತ್ತೆ. ಉಳಿದ ಮೂರು ಕಾಣೋದಿಲ್ಲ ಪ್ರಿಯರೇ. ನಾವು ಎಡವೋದು ಇಲ್ಲೇ. ಚೆನ್ನಾಗಿ ಆರಾಧನೆ ನಡೆಸ್ತಾನೆ, ಪ್ರವಾದನೆ ಹೇಳ್ತಾನೆ ಅಂದ ಕೂಡಲೇ ಕಾಣಿಕೆ ಪೆಟ್ಟಿಗೆಯ ಬೀಗವನ್ನೂ ಅವನ ಕೈಗೇ ಕೊಡ್ತೀವಿ.

ಕೊನೆಯ ಗುಣದ ಬಗ್ಗೆ ಒಂದು ಮಾತು. ಇಬ್ರಿಯ ಮೂಲದಲ್ಲಿ ಅದು ಬರೀ ಲಂಚ ಮುಟ್ಟದವರು ಅಂತಲ್ಲ, ಅಂಥ ಲಾಭವನ್ನು ದ್ವೇಷಿಸುವವರು ಅಂತ. ಈ ವ್ಯತ್ಯಾಸ ನಾನು ನಾಚಿಕೆಯಿಂದ ಕಲಿತೆ. 24ನೇ ವಯಸ್ಸಲ್ಲಿ ಯೂತ್ ಕ್ಯಾಂಪಿನ ಹಣ ನನ್ನ ಕೈಯಲ್ಲಿತ್ತು. ಆ ತಿಂಗಳು ಸಂಬಳ ತಡ ಆಯ್ತು, ರೂಮ್ ಬಾಡಿಗೆ ಕಟ್ಟಬೇಕಿತ್ತು. 6,000 ರೂಪಾಯಿ ತೆಗೆದೆ. 9 ದಿನಕ್ಕೆ ವಾಪಸ್ ಇಟ್ಟೆ. ಲೆಕ್ಕ ಸರಿಹೋಯ್ತು, ಯಾರಿಗೂ ನಷ್ಟ ಆಗಲಿಲ್ಲ. ಆದರೆ ಆ 9 ದಿನ ಒಂದು ಉತ್ತರ ರೆಡಿ ಮಾಡಿಟ್ಕೊಂಡಿದ್ದೆ. ಯಾರಾದ್ರೂ ಕೇಳಿದ್ರೆ, "ಏನ್ ಬ್ರದರ್, ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಸಿಟ್ಟು ಮಾಡೋದು. ಹಣಕ್ಕಿಂತ ಆ ಸಿಟ್ಟೇ ನನ್ನನ್ನು ಹೆದರಿಸ್ತು. ಸಭೆಯ ಹಿರಿಯ ಅಂಕಲ್ ಒಬ್ಬರ ಹತ್ತಿರ ಹೇಳಿಕೊಂಡೆ. ಅವರು ಬೈಯಲಿಲ್ಲ. ಮುಂದಿನ ಕ್ಯಾಂಪಿಗೆ ಇನ್ನೊಬ್ಬರನ್ನು ಜೊತೆಗೆ ಹಾಕಿ, ಇಬ್ಬರ ಸಹಿ ಬೇಕು ಅಂದ್ರು. "ಇದು ಶಿಕ್ಷೆ ಅಲ್ಲಪ್ಪ, ನಿನಗೆ ಕಾವಲು."

ಹಾಗಾದ್ರೆ ಲೆಕ್ಕ ಕೇಳೋದು ಅಪನಂಬಿಕೆಯಾ? ಅಭಿಷಿಕ್ತರನ್ನು ಮುಟ್ಟಬಾರದು ಅಂತ ಬಾಯಿ ಮುಚ್ಚಿಸೋರು ಇದ್ದಾರೆ. ದಾವೀದ ಸೌಲನ ಮೇಲೆ ಕೈ ಎತ್ತಲಿಲ್ಲ, ನಿಜ. ಆದರೆ 1 ಸಮುವೇಲ 24 ಪೂರ್ತಿ ಓದಿ. ಗವಿಯಿಂದ ಹೊರಗೆ ಬಂದು, ನನ್ನನ್ನು ಯಾಕೆ ಬೇಟೆ ಆಡ್ತೀಯ ಅಂತ ಸೌಲನನ್ನೇ ಕೇಳ್ತಾನೆ. ಹಾನಿ ಮಾಡೋದು ಬೇರೆ, ಪ್ರಶ್ನೆ ಕೇಳೋದು ಬೇರೆ.

ಸಮುವೇಲನನ್ನು ನೋಡಿ. 8ನೇ ಅಧ್ಯಾಯದಲ್ಲಿ ಅವನ ಮಕ್ಕಳು ಲಂಚ ತಿಂದು ನ್ಯಾಯ ತಿರುಚಿದ್ರು. ಪ್ರವಾದಿಯ ಮಕ್ಕಳು! ಮನೆತನ ಗ್ಯಾರಂಟಿ ಕೊಡೋದಿಲ್ಲ. ಆದರೆ 12ನೇ ಅಧ್ಯಾಯದಲ್ಲಿ ತಲೆ ನರೆತ ಸಮುವೇಲ ಜನರೆಲ್ಲರ ಮುಂದೆ ನಿಂತು, ಯಾರ ಎತ್ತು ತಗೊಂಡಿದ್ದೀನಿ, ಯಾರ ಕತ್ತೆ ತಗೊಂಡಿದ್ದೀನಿ, ಹೇಳಿ, ಹಿಂದಕ್ಕೆ ಕೊಡ್ತೀನಿ ಅಂತಾನೆ. ಯಾರೂ ಆರೋಪ ಮಾಡಿರಲಿಲ್ಲ. ತಾನಾಗಿ ಲೆಕ್ಕಕ್ಕೆ ನಿಂತ. ಪೌಲನೂ ಅಷ್ಟೇ. 2 ಕೊರಿಂಥ 8ರಲ್ಲಿ ದೇವಜನರಿಗಾಗಿ ಕೂಡಿಸಿದ ಹಣದ ಕೆಲಸಕ್ಕೆ ತೀತನ ಜೊತೆ ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಕಳಿಸ್ತಾನೆ. ದೇವರಿಗೆ ಗೊತ್ತಿದ್ರೆ ಸಾಕು ಅನ್ನಲಿಲ್ಲ, ಮನುಷ್ಯರ ಮುಂದೆಯೂ ಸರಿ ಇರಬೇಕು ಅಂದ.

ನಂಬಿಗಸ್ತ ನಾಯಕನ ಗುರುತು ಇದೇ: ಪ್ರಶ್ನೆ ಅವನಿಗೆ ಅವಮಾನ ಅನಿಸೋದಿಲ್ಲ. ಹೋಮ್ ಗ್ರೂಪಿಗೆ ಲೀಡರ್ ಆರಿಸುವಾಗ ಮೈಕ್ ಹಿಡಿದಾಗ ಹೇಗಿರ್ತಾನೆ ಅಂತ ಮಾತ್ರ ನೋಡಬೇಡಿ. ರೂಮ್‌ಮೇಟ್‌ನ ಕೇಳಿ, ಸಾಲ ಕೊಟ್ಟವರನ್ನ ಕೇಳಿ.

ಕೊನೆಗೆ, ಬೆರಳು ನಮ್ಮ ಕಡೆಗೂ ತಿರುಗಲಿ. ಆಫೀಸಿಗೆ ಸುಳ್ಳು ಬಾಡಿಗೆ ರಸೀದಿ, ಹೋಗದೇ ಇರೋ ಕ್ಯಾಬಿನ ಬಿಲ್ಲು ಕೊಟ್ಟವರು ಇಲ್ಲಿ ಇರಬಹುದು. ಹತ್ತು ಜನರ ಮೇಲಿನ ಅಧಿಪತಿ ಅಲ್ಲೇ ತಯಾರಾಗೋದು, ಅಥವಾ ಅಲ್ಲೇ ಕೆಡೋದು.

ಕಣ್ಣು ಮುಚ್ಚೋಣ. ತಂದೆಯೇ, ಯಾರೂ ಕೇಳುವ ಮೊದಲೇ ಲೆಕ್ಕ ಒಪ್ಪಿಸುವ ಹೃದಯ ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.