ವ್ರತದ ತಟ್ಟೆ, ಹೋಟೆಲಿನ ಬಿಲ್ಲು

ವಾಷಿಂಗ್ಟನ್ ನಗರದ ಇಥಿಯೋಪಿಯನ್ ಹೋಟೆಲಿಗೆ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಹೋದವರು ಬಹುತೇಕ ಕೇಳುವುದು ‘ವೆಜಿಟೇರಿಯನ್ ಕಾಂಬೊ’. ತೆಫ್ ಎಂಬ ಪುಟ್ಟ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ ಹುಯ್ದ ಅಗಲವಾದ ಇಂಜೆರಾ. ಅದರ ಮೇಲೆ ಗುಪ್ಪೆಗುಪ್ಪೆಯಾಗಿ ಬೆರ್ಬೆರೆ ಮಸಾಲೆಯ ಮಸೂರ್ ಬೇಳೆ, ಅರಿಸಿನ ಹಾಕಿದ ಬಟಾಣಿ ಬೇಳೆ, ಕಡಲೆಹಿಟ್ಟಿನ ಶಿರೊ, ಸೊಪ್ಪು, ಎಲೆಕೋಸು-ಕ್ಯಾರೆಟ್ ಪಲ್ಯ. ಇಥಿಯೋಪಿಯದಲ್ಲಿ ಇದು ‘ಯೆತ್ಸೊಮ್ ಬೆಯಾಯ್ನೆತು’, ಅಂದರೆ ಉಪವಾಸದ ಬಗೆಬಗೆ ಅಡುಗೆ.

ಇಷ್ಟು ರುಚಿಯಾಗಿ ಉಂಡರೆ ಅದು ಉಪವಾಸವೇ?

ಇಥಿಯೋಪಿಯನ್ ಆರ್ಥೊಡಾಕ್ಸ್ ತೆವಾಹೆಡೊ ಚರ್ಚಿನ ಲೆಕ್ಕ ಬಲು ಬಿಗಿ. ಏಸುವನ್ನು ಹಿಡಿಯುವ ಸಂಚು ನಡೆದ ಬುಧವಾರ, ಶಿಲುಬೆಗೇರಿಸಿದ ಶುಕ್ರವಾರ, ಈಸ್ಟರಿಗೆ ಮುಂಚಿನ 55 ದಿನ, ಬೇರೆ ವ್ರತಗಳು ಎಲ್ಲ ಸೇರಿ ಸಾಮಾನ್ಯ ಭಕ್ತರಿಗೆ ವರ್ಷಕ್ಕೆ ಸುಮಾರು 180 ದಿನ. ಪಾದ್ರಿಗಳಿಗೂ ಸನ್ಯಾಸಿಗಳಿಗೂ ಇನ್ನೂ ಹೆಚ್ಚು. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ವರ್ಜ್ಯ. ಮಸಾಲೆ ಬೆರೆಸಿ ಕಾಯಿಸಿದ ‘ನಿತರ್ ಕಿಬ್ಬೆ’ ತುಪ್ಪದ ಜಾಗಕ್ಕೆ ಎಣ್ಣೆ ಬರುತ್ತದೆ. ಆದರೆ ಪದಾರ್ಥ ಬಿಡುವುದು ನಿಯಮದ ಅರ್ಧ ಮಾತ್ರ. ದಿನದ ಹಲವು ಗಂಟೆ, ಕೆಲವು ವ್ರತಗಳಲ್ಲಿ ಮಧ್ಯಾಹ್ನ ಮೂರರವರೆಗೂ, ಏನನ್ನೂ ಮುಟ್ಟದೆ ಕಾಯಬೇಕು. ಜತೆಗೆ ಪ್ರಾರ್ಥನೆ, ದಾನ. ಹೋಟೆಲಿನ ತಟ್ಟೆಗೆ ಬಂದದ್ದು ಮೊದಲ ಅರ್ಧ. ಹಸಿವು, ಪ್ರಾರ್ಥನೆ, ದಾನಗಳಿಗೆ ಮೆನುವಿನಲ್ಲಿ ಜಾಗವಿಲ್ಲ. ಏಕಾದಶಿಯಂದು ಅನ್ನ ಬಿಟ್ಟು ತುಪ್ಪದ ಅವಲಕ್ಕಿ ಸವಿಯುವ ಮನೆಗಳಿಗೆ ಈ ಜಾಣತನ ಹೊಸದೇನಲ್ಲ.

ಹಾಗೆಂದು ತಟ್ಟೆಯನ್ನು ಬರೀ ವ್ಯಾಪಾರವೆಂದು ತಳ್ಳಿಹಾಕುವಂತಿಲ್ಲ. ಇಥಿಯೋಪಿಯದಲ್ಲಿ ಕ್ರೈಸ್ತರು ಕಡಿದ ಮಾಂಸವನ್ನು ಮುಸಲ್ಮಾನರು, ಮುಸಲ್ಮಾನರು ಕಡಿದದ್ದನ್ನು ಕ್ರೈಸ್ತರು ಸಂಪ್ರದಾಯದಂತೆ ತಿನ್ನುವುದಿಲ್ಲ. ಒಂದೇ ಊರಿನ ನೆರೆಹೊರೆಯವರಾದರೂ ಮದುವೆಯೂಟಕ್ಕೆ ಬೇರೆ ಬೇರೆ ಪಾತ್ರೆ ಒಲೆಗೇರಬೇಕು. ಬೇಳೆ-ಸೊಪ್ಪಿಗೆ ಆ ಗೋಡೆಯಿಲ್ಲ. ಆಸೆಯನ್ನು ಹಿಡಿದಿಡಲು ಹುಟ್ಟಿದ ಕಟ್ಟಳೆ, ಯಾರೂ ಎಣಿಸದ ರೀತಿಯಲ್ಲಿ, ಎಲ್ಲರನ್ನೂ ಒಂದೇ ಪಂಕ್ತಿಗೆ ತಂದಿತು. ಪಂಕ್ತಿಯೂ ಅಲ್ಲ, ಒಂದೇ ತಟ್ಟೆಗೆ. ಎಲ್ಲರ ಕೈಯೂ ಅದರಲ್ಲೇ; ಮೇಲಾಗಿ ‘ಗುರ್ಶಾ’ ಎಂದು ಪ್ರೀತಿಯಿಂದ ಪಕ್ಕದವರ ಬಾಯಿಗೆ ತುತ್ತಿಡುತ್ತಾರೆ. ಎಂಜಲೆಂಬ ಅಳುಕಿಗೆ ಅಲ್ಲಿ ಎಡೆಯಿಲ್ಲ.

ಈ ತಟ್ಟೆ ವಾಷಿಂಗ್ಟನ್ ತಲುಪಿದ್ದು ವಲಸೆ ಬಂದವರ ಜತೆ. 1974ರ ಕ್ರಾಂತಿಯಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ ಪದಚ್ಯುತನಾದ ಮೇಲೆ ದೇಶ ಬಿಟ್ಟ ಅನೇಕರು ವಾಷಿಂಗ್ಟನ್ ಸೇರಿದರು. 1978ರಲ್ಲಿ ತೆರೆದ ‘ಮಾಮಾ ದೆಸ್ತಾ’ ಅಲ್ಲಿನ ಮೊದಲ ಇಥಿಯೋಪಿಯನ್ ಹೋಟೆಲುಗಳಲ್ಲೊಂದು. ಮುಂದೆ ನಗರದ ಆಡಮ್ಸ್ ಮಾರ್ಗನ್ ಬಡಾವಣೆ, ಬಳಿಕ ಯು ಸ್ಟ್ರೀಟ್ ಸುತ್ತಮುತ್ತ ಹೋಟೆಲುಗಳು ಬೆಳೆದವು. ಬಾಡಿಗೆ ಏರಿದಂತೆ ನಗರದಾಚೆಯ ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾ ಕಡೆಗೂ ಹರಡಿದವು. ಅಲ್ಲಿ ವೀಗನ್ ವಿದ್ಯಾರ್ಥಿಗೂ ಬುಧವಾರದ ವ್ರತ ಹಿಡಿದ ಟ್ಯಾಕ್ಸಿ ಚಾಲಕನಿಗೂ ಸಿಗುವುದು ಅದೇ ಬೇಳೆ.

ವ್ರತ ಇರುವುದು ಉಣ್ಣುವವನ ಸಂಕಲ್ಪದಲ್ಲಿ. ಹಾಗಾಗಿ ವಿದ್ಯಾರ್ಥಿಯದು ಬರೀ ಊಟ, ಚಾಲಕನದು ಉಪವಾಸ. ಆದರೆ ವರ್ಷದ ಅರ್ಧದಷ್ಟು ದಿನ ಬೆಣ್ಣೆ ಮುಟ್ಟದ ಜನ ತಲೆತಲಾಂತರದಿಂದ ಇಲ್ಲದೆ ಹೋಗಿದ್ದರೆ ಬರೀ ಬೇಳೆಗೆ ಇಷ್ಟು ರುಚಿ ಕಟ್ಟುವ ಅಡುಗೆಮನೆ ಬೆಳೆಯುತ್ತಿರಲಿಲ್ಲ. ಈಸ್ಟರ್ ಕಳೆದ 50 ದಿನ ಬುಧವಾರ, ಶುಕ್ರವಾರಕ್ಕೂ ಉಪವಾಸವಿಲ್ಲ. ಹಬ್ಬದ ಮನೆಗಳಲ್ಲಿ ಆಗ ಮೊಟ್ಟೆ ಹಾಕಿದ ಕೋಳಿಸಾರು ‘ದೊರೊ ವತ್’ ಕುದಿಯುತ್ತದೆ; ಹೋಟೆಲಿನಲ್ಲಿ ಉಪವಾಸದ ತಟ್ಟೆ ಆಗಲೂ ಸಿಗುತ್ತದೆ.