ಕಡಲು ದಾಟಿದರೆ ಧರ್ಮ ಕೆಡುವುದೇ?

1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆಂದು ಜೈಪುರದ ಮಹಾರಾಜ ಎರಡನೇ ಮಾಧೋಸಿಂಗ್ ಲಂಡನ್ನಿಗೆ ಹೊರಟಾಗ, ಅದೇ ಹಡಗಿನಲ್ಲಿ ಗಂಗಾಜಲವೂ ಹೊರಟಿತು. ಅದನ್ನು ತುಂಬಿಸಿದ್ದು ಆಳೆತ್ತರದ ಬೆಳ್ಳಿಯ ಹಂಡೆಗಳಿಗೆ. ಒಂದೊಂದರ ತೂಕ ಸುಮಾರು 345 ಕಿಲೋ, ಹಿಡಿಯುವ ನೀರು ಸುಮಾರು ನಾಲ್ಕು ಸಾವಿರ ಲೀಟರ್. ಕಡಲು ದಾಟಿದವನ ಜಾತಿ ಕೆಡುತ್ತದೆ ಎಂಬ ಭಯಕ್ಕೆ ಅರಸ ಕಂಡುಕೊಂಡ ಪರಿಹಾರ ಇದು. ಜೈಪುರದ ಸಿಟಿ ಪ್ಯಾಲೇಸಿನಲ್ಲಿ ಆ ಹಂಡೆಗಳನ್ನು ಇಂದಿಗೂ ನೋಡಬಹುದು.

ಬಡವರಿಗೆ ಇಂಥ ಪರಿಹಾರ ಇರಲಿಲ್ಲ. 1834ರಿಂದ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ, ಮುಂದೆ ಗಯಾನಾ, ಫಿಜಿಗಳಿಗೆ ಹೋದ ಕರಾರು ಕೂಲಿಗಳು ಹಡಗಿನಲ್ಲಿ ಜಾತಿಭೇದವಿಲ್ಲದೆ ಒಟ್ಟಿಗೆ ಉಣ್ಣಬೇಕಾಯಿತು. ಊರಿಗೆ ಮರಳಿದರೆ ಬಹಿಷ್ಕಾರ ಕಾದಿತ್ತು. ಜಾತಿ ಕಳೆದುಕೊಂಡವರು 'ಜಹಾಜಿ ಭಾಯಿ', ಅಂದರೆ ಹಡಗಿನ ಸೋದರ, ಎಂಬ ಹೊಸ ನಂಟು ಕಟ್ಟಿಕೊಂಡರು. ಹೋದ ನೆಲದಲ್ಲಿ ಗುಡಿ ಕಟ್ಟಿ, ರಾಮಾಯಣ ಓದಿಸಿ ಧರ್ಮ ಉಳಿಸಿಕೊಂಡರು.

ಶಾಸ್ತ್ರ ಏನನ್ನುತ್ತದೆ? ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಪಾಪಗಳ ಸಾಲಿಗೆ ಸೇರಿಸಿದೆ. ಅದೇ ಗ್ರಂಥ ಇನ್ನೊಂದೆಡೆ ನಾಡುನಾಡಿನ ಆಚಾರಗಳನ್ನು ಪಟ್ಟಿ ಮಾಡುತ್ತದೆ: ಸಮುದ್ರಯಾನ ಉತ್ತರದವರದು, ಸೋದರಮಾವನ ಮಗಳನ್ನು ಮದುವೆಯಾಗುವುದು ದಕ್ಷಿಣದವರದು. ಆಯಾ ನಾಡಿನವರು ತಮ್ಮ ಪದ್ಧತಿಯಂತೆ ನಡೆದರೆ ದೋಷವಿಲ್ಲ, ಬೇರೆಯವರು ನಡೆದರೆ ದೋಷ ಎಂಬ ಮಾತು ಅಲ್ಲಿದೆ. ಅದನ್ನು ಇನ್ನೊಬ್ಬ ಧರ್ಮಸೂತ್ರಕಾರ ಗೌತಮ ಒಪ್ಪುವುದಿಲ್ಲ ಎಂಬುದೂ ಅಲ್ಲಿಯೇ ದಾಖಲಾಗಿದೆ. ಆಚಾರದ ಬಗ್ಗೆ ವಾದ ಮಾಡುವ ಎದೆಗಾರಿಕೆ ನಮ್ಮ ಹಿರಿಯರಿಗಿತ್ತು.

1888ರಲ್ಲಿ ಮೋಹನದಾಸ ಗಾಂಧಿ ಇಂಗ್ಲೆಂಡಿಗೆ ಹೊರಟಾಗ ಮುಂಬಯಿಯಲ್ಲಿ ಮೋಢ್ ಬನಿಯಾ ಸಮುದಾಯದ ಪಂಚಾಯಿತಿ ಸೇರಿತು. ಮುಖ್ಯಸ್ಥರು ಅವರನ್ನು ಜಾತಿಯಿಂದ ಹೊರಗಿಟ್ಟರು. ನೆರವಾದವರಿಗೆ, ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದರು. ತಾಯಿ ಪುತಲೀಬಾಯಿ ಕೇಳಿದ್ದು ಬೇರೆಯೇ: ಮದ್ಯ, ಮಾಂಸ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂಬ ವ್ರತ. ಲಂಡನ್ನಿನಲ್ಲಿ ಅರೆಹೊಟ್ಟೆಯಲ್ಲಿ ಅಲೆದ ಹುಡುಗ ಕೊನೆಗೆ ಫ್ಯಾರಿಂಗ್ಡನ್ ರಸ್ತೆಯಲ್ಲಿ ಸಸ್ಯಾಹಾರಿ ಹೋಟೆಲೊಂದನ್ನು ಕಂಡು ಹೊಟ್ಟೆ ತುಂಬ ಉಂಡ. ಭಗವದ್ಗೀತೆಯನ್ನು ಮೊದಲ ಬಾರಿಗೆ ಓದಿದ್ದೂ ಅದೇ ಊರಿನಲ್ಲಿ, ಎಡ್ವಿನ್ ಅರ್ನಾಲ್ಡರ ಇಂಗ್ಲಿಷ್ ಅನುವಾದದಲ್ಲಿ. ಪಂಚಾಯಿತಿ ನೋಡಿದ್ದು ಮಗ ಹೋಗುವ ದಾರಿಯನ್ನು, ತಾಯಿ ನೋಡಿದ್ದು ಅವನ ನಡತೆಯನ್ನು. ಧರ್ಮದ ಮರ್ಮ ಹಿಡಿದವರು ತಾಯಿಯೇ.

ಕರ್ನಾಟಕದಲ್ಲಿ ಈ ಪ್ರಶ್ನೆ ಹಳತಾಗಿಲ್ಲ. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಗಳಲ್ಲಿ ಸಂಚರಿಸಿ ಕೃಷ್ಣನ ಗುಡಿಗಳನ್ನು ತೆರೆದರು. ಕಡಲು ದಾಟಿದವರು ಕೃಷ್ಣನ ಮೂರ್ತಿಯನ್ನು ಮುಟ್ಟಿ ಪೂಜಿಸಬಹುದೇ ಎಂದು 2008ರಲ್ಲಿ ಅವರ ಪರ್ಯಾಯ, ಅಂದರೆ ಉಡುಪಿಯ ಕೃಷ್ಣಪೂಜೆಯ ಸರದಿ, ಬಂದಾಗ ಅಲ್ಲಿನ ಇತರ ಮಠಾಧೀಶರಿಂದ ಆಕ್ಷೇಪ ಬಂತು. ಆದರೂ 2024ರ ಜನವರಿಯಲ್ಲಿ ಅವರು ನಾಲ್ಕನೇ ಸಲ ಪರ್ಯಾಯದ ಸರ್ವಜ್ಞ ಪೀಠವೇರಿದರು. ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಆ ಕೃಷ್ಣನೇ ದ್ವಾರಕೆಯಿಂದ ಹಡಗಿನಲ್ಲಿ ಮಲ್ಪೆಯ ಕಡಲಿಗೆ ಬಂದವನೆಂದು ಸಂಪ್ರದಾಯ ನಂಬುತ್ತದೆ.

ಸನ್ಯಾಸಿಗೆ ಗೃಹಸ್ಥನಿಗಿಂತ ಬಿಗಿಯಾದ ನಿಯಮಗಳಿರಬೇಕೆಂಬ ಮಾತಿಗೆ ಗೌರವ ಸಲ್ಲಲೇಬೇಕು. ಆದರೆ ವಿದೇಶದ ಭಕ್ತರ ಕಾಣಿಕೆ ಒಪ್ಪಿತ, ಅವರ ನಡುವೆ ಓಡಾಡಿದ ಗುರುವಿನ ಕೈ ಮೈಲಿಗೆ ಎಂದರೆ ಅದು ಧರ್ಮವಲ್ಲ, ಅಧಿಕಾರ. ಜೈಪುರದ ಅರಸನಿಗೊಂದು, ಮಾರಿಷಸ್ಸಿನ ಕೂಲಿಗೊಂದು ಆದ ನಿಯಮವನ್ನು ಸಮರ್ಥಿಸಿಕೊಳ್ಳುವುದೂ ಸಾಧ್ಯವಿಲ್ಲ. ಮಠಗಳು ಒಟ್ಟಿಗೆ ಕುಳಿತು ಈ ನಿಷೇಧವನ್ನು ಬಹಿರಂಗವಾಗಿ ಕೈಬಿಡಬೇಕು. ಕಡಲಾಚೆ ಹೋದವರನ್ನು ಅವರು ಅಲ್ಲಿ ಹೇಗೆ ಬಾಳಿದರು ಎಂಬುದರ ಮೇಲೆಯೇ ಅಳೆಯಬೇಕು.